ತಾತನ ಮುಖಕ್ಕೆ ತೆರೆಯುವ ಬಾಗಿಲು

ನಮ್ಮ ಕಟ್ಟಡದಲ್ಲಿ ಜನ ಬಾಗಿಲಿಗೆ ಬೀಗ ಹಾಕುವುದು ಕಳ್ಳರಿಗೆ ಹೆದರಿ ಅಲ್ಲ. ಕದಿಯುವಂಥದ್ದು ಯಾರ ಮನೆಯಲ್ಲಿದೆ? ಹಳೆಯ ಫ್ರಿಜ್ಜು, ಅದರೊಳಗೆ ಹುಳಿ ಹೆಚ್ಚಾದ ಎಲೆಕೋಸಿನ ಕಿಮ್ಚಿ, ಗೋಡೆಯ ಮೇಲೆ ಬ್ಯಾಂಕಿನವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು. ಇಲ್ಲಿ ಬೀಗ ಹಾಕುವುದು ಎದುರುಮನೆಯವರು ನೋಡಲಿ ಎಂದು. ಬುಚನ್ ಊರಿನ ಹಿಂಭಾಗದಲ್ಲಿ ರೈಲು ಹಳಿಗೆ ಬೆನ್ನು ತಿರುಗಿಸಿ ನಿಂತ ಈ ಐದಂತಸ್ತಿನ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಬಿಸಿನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ಮೆಟ್ಟಿಲ ಗೋಡೆಯ ಸುಣ್ಣ ಹತ್ತುವವರ ಹೆಗಲ ಮೇಲೆ ಉದುರುತ್ತದೆ. ಆದರೆ ಪ್ರತಿ ಬಾಗಿಲಿಗೂ ಬೀಗದ ಕೈ ಬೇಡದ ಎಲೆಕ್ಟ್ರಾನಿಕ್ ಬೀಗ ಇದೆ. ಒಂದು ನಂಬರ್ ಒತ್ತಿದರೆ ಹಾಡುತ್ತದೆ, ಇನ್ನೊಂದು ಬೆರಳಿಟ್ಟರೆ ನಮಸ್ಕಾರ ಹೇಳುತ್ತದೆ. ಊಟದ ಪೊಟ್ಟಣ ಹೊತ್ತು ದಿನವೂ ಮೆಟ್ಟಿಲು ಹತ್ತುವ ನನಗೆ ಯಾವ ಮನೆಯದು ಯಾವ ರಾಗ ಎಂಬುದು ಬಾಯಿಪಾಠ. ಒಳಗಿನ ಮನುಷ್ಯರು ಸಂದಿಯಿಂದ ಕೈ ಮಾತ್ರ ಚಾಚಿ ಪೊಟ್ಟಣ ಕಿತ್ತುಕೊಳ್ಳುತ್ತಾರೆ. ಬಂದವನನ್ನು ಮಾತಾಡಿಸುವ ಸೌಜನ್ಯ ಉಳಿದಿರುವುದು ಬೀಗಗಳಿಗೆ ಮಾತ್ರ.

ಬೀಗದ ಕೈ ತಿರುಗಿಸಿ ಒಳಗೆ ಹೋಗುವ ಮನೆ ಒಂದೇ ಒಂದು ಉಳಿದಿತ್ತು. ಅದು ಮೂರನೆಯ ಮಹಡಿಯಲ್ಲಿರುವ ನನ್ನ ಸೋದರಮಾವ ನಾಮ್ ಬೊಂಗ್ಸಿಕ್‌ನ ಮನೆ. ಮಾವ ಟ್ಯೂಷನ್ ಶಾಲೆಯೊಂದರ ವ್ಯಾನು ಓಡಿಸುತ್ತಾನೆ. ಯಾರು ಏನು ಕೇಳಿದರೂ 'ಹೌದು ಹೌದು' ಎನ್ನುವುದು ಅವನ ಸ್ವಭಾವ. ಪ್ರಶ್ನೆ ಏನಿತ್ತು ಎಂದು ಆಮೇಲೆ, ಮನೆಗೆ ಬಂದು ಯೋಚಿಸುತ್ತಾನೆ. ಅಂಥವನು ಒಂದೇ ಒಂದು ವಿಷಯದಲ್ಲಿ ವರ್ಷಗಟ್ಟಲೆ 'ಇಲ್ಲ' ಎಂದುಕೊಂಡು ಬಂದಿದ್ದ. ಬಾಗಿಲ ಬೀಗ ಬದಲಾಯಿಸುವುದಿಲ್ಲ. ಅದಕ್ಕೆ ಕಾರಣ ನಮ್ಮ ತಾತ, ಅಂದರೆ ಮಾವನ ಅಪ್ಪ.

ತಾತನದು ಬಸ್ ಸ್ಟಾಪಿನ ಪಕ್ಕದ ತಗಡಿನ ಗೂಡಂಗಡಿ. ಒಬ್ಬ ಮನುಷ್ಯ ಒಳಗೆ ಕೂತರೆ ಮೊಣಕಾಲು ಹೊರಗೆ ಬರಬೇಕು, ಅಷ್ಟು ಚಿಕ್ಕದು. ಕಳೆದುಹೋದ ಬೀಗದ ಕೈ ಮಾಡಿಕೊಡುವುದು, ಹೊರಗೆ ಸಿಕ್ಕಿಹಾಕಿಕೊಂಡವರ ಬಾಗಿಲು ತೆಗೆದುಕೊಡುವುದು ಅವನ ಕಸುಬು. 'ಬೀಗ ತೆರೆಯುತ್ತೇವೆ' ಎಂಬ ಎರಡು ಪದ, ಕೆಳಗೆ ಫೋನ್ ನಂಬರು, ಇಷ್ಟೇ ಇರುವ ಕೆಂಪು ಚೀಟಿಗಳನ್ನು ಊರಿನ ಮೆಟ್ಟಿಲು ಮೆಟ್ಟಿಲಿಗೂ ಅಂಟಿಸಿದ್ದ. ಹೆಸರು ಹಾಕಿರಲಿಲ್ಲ. ಹೊರಗೆ ಸಿಕ್ಕಿಹಾಕಿಕೊಂಡವನಿಗೆ ಹೆಸರು ಯಾಕೆ ಬೇಕು ಎನ್ನುತ್ತಿದ್ದ. ಒಂದು ಕಟ್ಟುನಿಟ್ಟು ಮಾತ್ರ ಇತ್ತು. ಊಟಕ್ಕೆ ಕೂತರೆ ತಾತ ಫೋನು ಎತ್ತುತ್ತಿರಲಿಲ್ಲ. ಯಾವನೋ ಚಳಿಯಲ್ಲಿ ಬನಿಯನ್ನಿನಲ್ಲಿ ಹೊರಗೆ ನಿಂತು ಒಂದೇ ಸಮನೆ ಫೋನು ಮಾಡುತ್ತಿದ್ದರೂ ಅದು ಬಟ್ಟಲಿನ ಪಕ್ಕ ಹಾಡಿಕೊಂಡು ಕುಣಿಯುತ್ತಿತ್ತು. "ಬಾಗಿಲು ಎಲ್ಲಿಗೂ ಓಡಿಹೋಗಲ್ಲ ಕಣೋ. ಸಾರು ಆರಿಹೋಗುತ್ತೆ" ಎಂದು ನಿಧಾನವಾಗಿ ಚಮಚ ಎತ್ತುತ್ತಿದ್ದ.

ಆಮೇಲೆ ಈ ಹಾಡುವ ಬೀಗಗಳು ಬಂದವು. ಬೇರೆ ಗೂಡಂಗಡಿಯವರು ಅವನ್ನೇ ಮಾರಲು ಕಲಿತರು. ತಾತ ಕಲಿಯಲಿಲ್ಲ. "ಬ್ಯಾಟರಿ ಹೋದ್ರೆ ಯಜಮಾನನ್ನೇ ಗುರುತು ಹಿಡಿಯದ ಬೀಗ, ಅದೂ ಒಂದು ಬೀಗವಾ?" ಎಂದ. ಜನ ಅವನ ಮುಂದೆಯೇ ಹೊಸ ಬೀಗದ ಡಬ್ಬ ಹಿಡಿದು ಬಸ್ಸಿಳಿಯತೊಡಗಿದರು. ಗೂಡಂಗಡಿ ಮುಚ್ಚಿತು. ಹೋದ ವರ್ಷ ನವೆಂಬರಿನಲ್ಲಿ ತಾತನೂ ಆಸ್ಪತ್ರೆಯಲ್ಲಿ ತೀರಿಕೊಂಡ. ಕೊನೆಯ ವಾರವೆಲ್ಲ ಒಂದೇ ಹಟ: "ಮನೆಗೆ ಕರ್ಕೊಂಡ್ ಹೋಗೋ ಬೊಂಗ್ಸಿಕ್. ಬೀಗದ ಕೈ ನನ್ನ ಹತ್ರಾನೇ ಇದೆ." ಮಾವ ಎಂದಿನಂತೆ "ಹೌದು ಹೌದು, ನಾಳೆ" ಎನ್ನುತ್ತಿದ್ದ. ಆ ನಾಳೆ ಬರಲಿಲ್ಲ. ದಾದಿ ತಾತನ ಮುಷ್ಟಿ ಬಿಡಿಸಿ ಬೀಗದ ಕೈ ತೆಗೆದುಕೊಟ್ಟಳು.

ಆ ಒಂದು ಬೀಗದ ಕೈಯಲ್ಲೇ ಸಂಸಾರ ಒಂದು ವರ್ಷ ನಡೆಯಿತು. ಅದರ ಜೋಡಿ ಕೈ ಮಾವನ ಹೆಂಡತಿ ಮಲ್ಸುಕ್ ಅತ್ತೆಯ ಹತ್ತಿರ ಇತ್ತು, ಅದು ಬೀಗದಲ್ಲೇ ಮುರಿಯಿತು. ಇನ್ನೊಂದು ಮಾಡಿಕೊಡುವವನು ಸತ್ತಿದ್ದ. ಬೇರೆಯವರು "ಈ ನಮೂನೆ ಈಗ ಯಾರು ಮಾಡ್ತಾರೆ, ಬಿಸಾಕಿ" ಎಂದರು. ಇದ್ದೊಂದನ್ನು ಜೇಬಿನಲ್ಲಿಟ್ಟುಕೊಂಡು ಮಾವ ವ್ಯಾನು ಓಡಿಸುತ್ತಿದ್ದ. ಅತ್ತೆ ಕಾಯುತ್ತಿದ್ದಳು.

ಮೊನ್ನೆ ಕಿಮ್ಚಿ ಹಾಕುವ ಕಾಲಕ್ಕೆ ಸರಿಯಾಗಿ ಇದು ಸ್ಫೋಟಗೊಂಡಿತು. ಉಪ್ಪುನೀರು ಸೋರುವ ಎಲೆಕೋಸಿನ ಮೂಟೆಗಳ ನಡುವೆ ಅತ್ತೆ ಬಾಗಿಲ ಮುಂದೆ ಮಧ್ಯಾಹ್ನವಿಡೀ ಕೂತಳು. ಆ ನೀರು ಮೆಟ್ಟಿಲಿಳಿದು ಎರಡನೆಯ ಮಹಡಿಯ ಪ್ಯೋ ಆಂಟಿಯ ಚಪ್ಪಲಿ ಗೂಡಿಗೆ ನುಗ್ಗಿತು. ಪ್ಯೋ ಆಂಟಿ ಎಂದರೆ ನಮ್ಮ ಕಟ್ಟಡ ಸಮಿತಿಯ ಅಧ್ಯಕ್ಷೆ. ಅವಳ ಜೀವನದ ಗುರಿ ಒಂದೇ, ಈ ಕಟ್ಟಡದ ಮನೆಗಳ ಬೆಲೆ ಏರಬೇಕು.

"ಮನೆ ನೋಡೋಕೆ ಬಂದೋರು ಮೊದಲು ನೋಡೋದೇ ನಿಮ್ಮ ತುಕ್ಕು ಬೀಗಾನ," ಎಂದಳು ಪ್ಯೋ ಆಂಟಿ. "ಆಮೇಲೆ ನನ್ನ ಕೇಳ್ತಾರೆ, ಇಲ್ಲಿ ಇನ್ನೂ ಎಂಥೆಂಥವರು ಇದಾರೆ ಅಂತ."

"ಹೌದು ಹೌದು," ಎಂದ ಆಗಷ್ಟೇ ಬಂದ ಮಾವ.

ಅತ್ತೆ ಎದ್ದು ಬಟ್ಟೆಯ ಉಪ್ಪು ಕೊಡವಿದಳು. "ಏನ್ರೀ ಹೌದು? ಕೇಳಿ ಇಲ್ಲಿ. ನಾನು ಅಕ್ಕನ ಮನೆಗೆ ಹೋಗ್ತಿದೀನಿ. ಬೀಗದ ಕೈ ಬೇಡದ ಬೀಗ ಬಾಗಿಲಿಗೆ ಬರಲಿ, ಆಮೇಲೆ ಬರ್ತೀನಿ. ಇಲ್ಲಾಂದ್ರೆ ಆ ಬೀಗದ ಜೊತೇನೇ ಸಂಸಾರ ಮಾಡಿ!"

ಕಟ್ಟಡವಿಡೀ ಕೇಳಿಸಿಕೊಂಡಿತು. ಇದು ನೆನಪಿರಲಿ.

ಮಾವ ನೆಲಮಾಳಿಗೆಯ ನನ್ನ ಕೋಣೆಗೆ ಇಳಿದು ಬಂದ. "ಲೋ ಸಾಂಗು, ಬೀಗ ತರೋಣ ನಡಿ. ಆದ್ರೆ ಒಂದು ತೊಂದರೆ ಕಣೋ. ಮುಂದಿನ ವಾರ ಅಪ್ಪನ ವರ್ಷದ ಎಡೆ. ಅಪ್ಪ ಬರ್ತಾರೆ. ಅವರ ಬೀಗದ ಕೈ ಹಳೇದು. ಒಳಗೆ ಹೆಂಗೆ ಬರ್ತಾರೆ?"

"ಎಡೆ ದಿನ ಬಾಗಿಲು ತೆರೆದೇ ಇಟ್ಟಿರ್ತೀವಲ್ಲ ಮಾವ."

"ಈ ಬೀಗಗಳು ತೆರೆದಿಟ್ರೆ ಬಡ್ಕೊಳ್ತವೆ ಕಣೋ. ನಾಕನೇ ಮಹಡೀದು ಕೇಳಿಲ್ವಾ? ಅಪ್ಪ ಆ ಸದ್ದಿಗೆ ಬಾಗಿಲವರೆಗೂ ಬಂದು ಹಿಂದಕ್ಕೆ ಹೋಗಿಬಿಡ್ತಾರೆ. ಅವರಿಗೆ ಆ ಸದ್ದು ಕಂಡ್ರೇ ಆಗಲ್ಲ. ಒಂದ್ಸಲ ಮನೆಗೆ ಕರ್ಕೊಂಡು ಬರದೆ ಇದ್ದಿದ್ದೇ ಸಾಕಾಗಿದೆ ನಂಗೆ."

ನಗಬೇಕು ಎಂದು ಮುಖ ನೋಡಿದೆ. ನಗುವ ಮುಖವಾಗಿರಲಿಲ್ಲ ಅದು. ಬೈಕು ತೆಗೆದೆ.

ಬೀಗದಂಗಡಿ ಎಂದರೆ ಈಗ ಆಸ್ಪತ್ರೆಯ ಹಾಗೆ ಬಿಳಿಬಿಳಿ. ಗೋಡೆಯ ತುಂಬ ಬಾಗಿಲಿಲ್ಲದ ಬೀಗಗಳು. ಕೊರಳಿಗೆ ಟೈ ಕಟ್ಟಿದ ಹಾ ಎಂಬ ಮ್ಯಾನೇಜರು ನನ್ನ ಹೆಲ್ಮೆಟ್ಟನ್ನು ನೋಡಿ, ಇದನ್ನು ಹೊರಗಿಟ್ಟು ಬರಬಹುದಿತ್ತಲ್ಲ ಎಂಬ ನಗೆ ನಕ್ಕ. ಮನುಷ್ಯರನ್ನು ಹೊರಗಿಡುವುದೇ ಅವನ ವ್ಯಾಪಾರ, ತಪ್ಪೇನಿಲ್ಲ.

"ಮನೇಲಿ ಎಷ್ಟು ಜನ ಸರ್?"

"ಇಬ್ಬರು," ಎಂದ ಮಾವ. "ಮೂವರು. ನಮ್ಮಪ್ಪ ವರ್ಷಕ್ಕೊಂದ್ಸಲ ಬರ್ತಾರೆ."

"ಓ, ದೂರದಲ್ಲಿದಾರಾ?"

"ಹೌದು ಹೌದು. ಬಹಳ ದೂರ."

"ಹಾಗಾದ್ರೆ ನಂಬರ್ ಬೀಗ ಸಾಕಲ್ಲ ಸರ್. ನಂಬರ್ ಅವರಿಗೆ ಹೇಳಿಬಿಟ್ರೆ ಆಯ್ತು."

"ಹೇಳೋಕೆ ಆಗಲ್ಲ."

ಹಾ ತಲೆಯಾಡಿಸಿದ. "ಮರೆವಾ? ಅರ್ಥ ಆಯ್ತು ಸರ್, ಎಲ್ಲರ ಮನೆ ಕಥೇನೂ ಅದೇ. ಬೆರಳಚ್ಚಿನದು ನೋಡಿ. ಬೆರಳು ಇಟ್ರೆ ಸಾಕು."

ಮಾವ ಬೀಗ ನೋಡುತ್ತ ಮೆಲ್ಲಗೆ ಹೇಳಿದ: "ಬೆರಳು... ಈಗ ಇಲ್ಲ."

ಮ್ಯಾನೇಜರನ ನಗೆ ಅರ್ಧಕ್ಕೆ ನಿಂತಿತು. "ಕಾರ್ಖಾನೆಯಲ್ಲಿ ಕೆಲಸಾನಾ? ಕ್ಷಮಿಸಿ ಸರ್. ಹಾಗಾದ್ರೆ ಕಾರ್ಡು. ಜೇಬಲ್ಲಿ ಇಟ್ಕೊಂಡು ಹತ್ರ ಬಂದ್ರೆ ತಾನೇ ತೆರ್ಕೊಳ್ಳುತ್ತೆ."

"ಅವರ ಬಟ್ಟೆಗೆ ಜೇಬಿಲ್ಲ."

ಹೆಣಕ್ಕೆ ಹೊಲಿಯುವ ಬಟ್ಟೆಗೆ ಯಾವ ದರ್ಜಿ ಜೇಬಿಡುತ್ತಾನೆ? ಮಾವ ಹೇಳಿದ್ದು ಅಕ್ಷರಶಃ ಸತ್ಯ. ಆದರೆ ಜೇಬೂ ಇಲ್ಲದ, ಬೆರಳೂ ಇಲ್ಲದ ಮುದುಕನನ್ನು ವರ್ಷಕ್ಕೊಮ್ಮೆ ಮಾತ್ರ ಮನೆಗೆ ಸೇರಿಸುವ ಮಗನನ್ನು ಆ ಮ್ಯಾನೇಜರು ನೋಡಿದ ನೋಟವಿದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ.

"ಫೋನಿನಲ್ಲಿ ಒತ್ತಿ ತೆಗೆಯೋದು?" ಎಂದ ಹಾ, ಸ್ವಲ್ಪ ಒರಟಾಗಿ.

"ಫೋನು ನಮ್ಮ ಹತ್ರಾನೇ ಬಿಟ್ಟು ಹೋಗಿದಾರೆ."

ಇದೂ ನಿಜ. ತಾತನ ಫೋನನ್ನು ಮಾವ ಇನ್ನೂ ಚಾರ್ಜು ಮಾಡಿ ಇಟ್ಟಿದ್ದ, ಪ್ರತಿ ತಿಂಗಳೂ ಬಿಲ್ಲು ಕಟ್ಟುತ್ತಿದ್ದ. ಅತ್ತೆ ಬೈದರೆ, "ಯಾರಾದ್ರೂ ಹೊರಗೆ ಸಿಕ್ಕಿಹಾಕಿಕೊಂಡು ಫೋನ್ ಮಾಡಿದ್ರೆ?" ಎನ್ನುತ್ತಿದ್ದ.

"ಹಾಗಾದ್ರೆ ಉಳಿದಿರೋದು ಒಂದೇ," ಎಂದು ಹಾ ಎಲ್ಲಕ್ಕಿಂತ ಮೇಲಿನ ಬೀಗ ಕೆಳಗಿಳಿಸಿದ. ಕಪ್ಪು ಕನ್ನಡಿಯಂತೆ ಹೊಳೆಯುತ್ತಿತ್ತು. "ಮುಖ ನೋಡಿ ತೆರೆಯುತ್ತೆ. ಮುಖ ಆದ್ರೂ ಇದೆಯಲ್ಲ ಸರ್?"

"ಫೋಟೋ ಇದೆ," ಎಂದ ಮಾವ ಆಸೆಯಿಂದ.

"ಅದರಲ್ಲೇ ಆಗುತ್ತೆ ಬಿಡಿ," ಎಂದುಬಿಟ್ಟ ಆ ಪುಣ್ಯಾತ್ಮ. ಆಗುತ್ತದೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಅವನಿಗೆ ಬೇಕಾಗಿದ್ದುದು ಮಾಲು ಹೋಗುವುದು.

ಬೀಗ ಕೂರಿಸಲು ಬಂದವನು ತಾತನ ಬೀಗವನ್ನು ಕೊರೆದು ಕಿತ್ತು ಮಾವನ ಅಂಗೈಗೆ ಹಾಕಿದ. ಮಾವ ಅದನ್ನು ಸತ್ತ ಹಕ್ಕಿಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ. ಮುಖ ಕೈಕೊಟ್ಟರೆ ಇರಲಿ ಎಂದು ಒಂದು ನಂಬರೂ ಇಡಬೇಕಂತೆ. ಮಾವ ತಾತನ ಹುಟ್ಟಿದ ದಿನ ಇಟ್ಟ. ಹುಟ್ಟಿದ ದಿನ ಕಳ್ಳರಿಗೆ ಮೊದಲೇ ಗೊತ್ತಿರುತ್ತೆ ಎಂದ ಕೂರಿಸುವವನು. ಬದಲಾಯಿಸಿದ. ನಾಲ್ಕು ಇರಬಾರದು, ಅದು ಸಾವಿನ ಅಂಕಿ ಎಂದ ವಾಚ್‌ಮನ್ ಬಾಂಗ್ ಅಜ್ಜ. ಬದಲಾಯಿಸಿದ. ಒಂದೇ ಅಂಕಿ ಎರಡು ಸಲ ಬಂದರೆ ನಮ್ಮ ಕಟ್ಟಡದ ಮರ್ಯಾದೆ ಏನು ಎಂದಳು ಪ್ಯೋ ಆಂಟಿ. ಹೌದು ಹೌದು ಎಂದು ಮತ್ತೆ ಬದಲಾಯಿಸಿದ. ಕೊನೆಗೆ ಏನಿಟ್ಟ ಎಂಬುದು ಕಟ್ಟಡದಲ್ಲಿ ಯಾರಿಗೂ ತಿಳಿಯಲಿಲ್ಲ, ಮಾವನಿಗೂ.

ಎಡೆಯ ದಿನ ಬೆಳಿಗ್ಗೆ ಮಾವ ರಜೆ ಹಾಕಿ ಮನೆಯಲ್ಲೇ ಉಳಿದ. ತಾತನ ದೊಡ್ಡ ಫೋಟೋ ಕೆಳಗಿಳಿಸಿದ. ಸಾವಿನ ದಿನ ಕಟ್ಟಿದ್ದ ಕಪ್ಪು ಪಟ್ಟಿ ಅದರ ಮೂಲೆಗಳಲ್ಲಿ ಇನ್ನೂ ಇತ್ತು. ಗಾಜಿಗೆ ಬೆರಳ ಗುರುತು ಆಗಬಾರದೆಂದು ಅತ್ತೆಯ ಅಪ್ಪಣೆ ಇದ್ದುದರಿಂದ ವ್ಯಾನಿನ ಬಿಳಿ ಕೈಗವಸು ತೊಟ್ಟುಕೊಂಡ. ಬಾಗಿಲ ಹೊರಗೆ ನಿಂತು ಫೋಟೋವನ್ನು ಬೀಗದ ಎದುರು ಎತ್ತಿ ಹಿಡಿದ. ಬಾಗಿಲ ಒಳಗೆ ನಿಂತು ಗುಂಡಿ ಒತ್ತುವ ಕೆಲಸ ನನ್ನದು.

"ಮುಖವನ್ನು ವೃತ್ತದೊಳಗೆ ತನ್ನಿ," ಎಂದಿತು ಬೀಗದೊಳಗಿನ ಹೆಂಗಸು.

ಮಾವ ತಂದ.

"ಕನ್ನಡಕ ತೆಗೆಯಿರಿ."

"ತೆಗೆಯೋಕೆ ಬರಲ್ಲಮ್ಮ," ಎಂದ ಮಾವ ಬೀಗಕ್ಕೆ, ಬಹಳ ವಿನಯದಿಂದ.

"ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ."

ಮಾವ ಇಡೀ ಚೌಕಟ್ಟನ್ನು ಎಡಕ್ಕೆ ತಿರುಗಿಸಿದ. ಬಲಕ್ಕೆ ಅಂದಾಗ ಬಲಕ್ಕೆ. ಮೇಲೆ ಅಂದಾಗ ತುದಿಗಾಲಲ್ಲಿ ನಿಂತ. ಬೀಗ ಒಪ್ಪಲಿಲ್ಲ. "ಎಲ್ಲ ಅಳಿಸಿ ಹೊಸದಾಗಿ ಮಾಡು ಅಂತ ಒಂದು ಗುಂಡಿ ಇದೆಯಲ್ಲ, ಅದನ್ನ ಒತ್ತೋ" ಎಂದ. ಒತ್ತಿದೆ. ಅಳಿಸಿದ್ದು ಹಿಂದಿನ ದಿನವಷ್ಟೇ ಸೇರಿಸಿದ್ದ ಮಾವನ ಮುಖವನ್ನು ಎಂದು ಯಾರು ಬಲ್ಲರು? ಮತ್ತೆ ಎಡ, ಮತ್ತೆ ಬಲ. ಮನುಷ್ಯನಿಗೂ ಕಾಗದಕ್ಕೂ ಫರಕು ತಿಳಿಯದ ಆ ದುಬಾರಿ ಯಂತ್ರ ಕೊನೆಗೆ ಸೋತು ಹೇಳಿತು:

"ನೋಂದಣಿಯಾಯಿತು. ಮನೆಗೆ ಸ್ವಾಗತ."

ಮಾವ ಫೋಟೋ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತ. ಒಂದು ವರ್ಷ ಆ ಮಾತು ಹೇಳಲು ಕಾದಿದ್ದವನು ಅವನು. ಹೇಳಿದ್ದು ಬೀಗ.

ನನಗೆ ಊಟ ಮುಟ್ಟಿಸಲು ಕರೆ ಬಂದಿತ್ತು, ಒಂದೇ ಉಸಿರಿಗೆ ಇಳಿದು ಹೋದೆ. ಮೆಟ್ಟಿಲಲ್ಲಿ ಪ್ಯೋ ಆಂಟಿ ಎದುರು ಹತ್ತಿ ಬರುತ್ತಿದ್ದಳು. ಮುಂದಿನದು ನನಗೆ ಆಮೇಲೆ ತಿಳಿದದ್ದು.

ಅವಳು ಕಂಡದ್ದು ಇಷ್ಟು. ತೆರೆದ ಬಾಗಿಲು. ಬಿಳಿ ಕೈಗವಸು ತೊಟ್ಟು ಅಳುತ್ತ ನಿಂತ ಗಂಡಸು. ಕೈಯಲ್ಲಿ ಮನೆಯಿಂದ ಹೊರಗೆ ಬಂದ, ಕಪ್ಪು ಪಟ್ಟಿಯ ಚೌಕಟ್ಟು. ಚೌಕಟ್ಟಿನ ಮುಖ ಬೀಗದ ಕಡೆಗೆ, ಬೆನ್ನು ಅವಳ ಕಡೆಗೆ. ಒಂದು ವಾರದಿಂದ ಮನೆಯಲ್ಲಿ ಹೆಂಡತಿ ಕಾಣುತ್ತಿಲ್ಲ. ನಮ್ಮಲ್ಲಿ ಫೋಟೋ ಹೀಗೆ ಹೊಸ್ತಿಲು ದಾಟುವುದು ಒಂದೇ ಒಂದು ಕಾರಣಕ್ಕೆ, ಹೆಣದ ಮುಂದೆ ಹೊರಡುವುದಕ್ಕೆ.

"ಅಯ್ಯೋ," ಎಂದಳು ಪ್ಯೋ ಆಂಟಿ, ಗೋಡೆ ಹಿಡಿದುಕೊಂಡು. "ಬಹಳ ನರಳಿದ್ರಾ?"

ಎಡೆಯ ದಿನ ಅಪ್ಪನನ್ನು ನೆನೆದು ಕೇಳುತ್ತಿದ್ದಾಳೆ ಎಂದು ಮಾವನಿಗೆ ಹೃದಯ ತುಂಬಿ ಬಂತು. "ಕೊನೇಲಿ ಮನೆಗೆ ಬರಬೇಕು ಬರಬೇಕು ಅಂತಿದ್ರು. ನಾನೇ ಕರ್ಕೊಂಡು ಬರ್ಲಿಲ್ಲ."

"ಮತ್ತೆ ಶಾಸ್ತ್ರ ಎಲ್ಲ ಯಾವಾಗ?"

"ಇವತ್ತೇ ಸಂಜೆ."

"ಇವತ್ತೇ?! ಮೂರು ದಿನಾನೂ ಇಡಲ್ವಾ?" ಎಂದಳು. ನಮ್ಮಲ್ಲಿ ಹೆಣವನ್ನು ಮೂರು ದಿನ ಇಡುವುದು ಪದ್ಧತಿ.

"ಹೌದು ಹೌದು," ಎಂದ ಮಾವ.

ಐದು ನಿಮಿಷದಲ್ಲಿ ಕಟ್ಟಡದ ಸ್ಪೀಕರು ಗಂಟಲು ಸರಿಮಾಡಿಕೊಂಡಿತು. ನೀರು ನಿಲ್ಲುವ ಸುದ್ದಿ, ಕಸ ಬೇರೆ ಮಾಡುವ ಸುದ್ದಿ ಹೇಳುವ ಅದೇ ದನಿಯಲ್ಲಿ ಮಲ್ಸುಕ್ ಅತ್ತೆಯ ಸಾವು ಪ್ರಕಟವಾಯಿತು. ಒಳಗೆ ಮಾವ ಎಡೆಯ ಪಾತ್ರೆಗಳನ್ನು ಹಲ್ಲುಜ್ಜುವಷ್ಟು ಶ್ರದ್ಧೆಯಿಂದ ತಿಕ್ಕುತ್ತಿದ್ದ, ನಲ್ಲಿ ಪೂರ್ತಿ ತಿರುಗಿಸಿಕೊಂಡು. ಒಂದಕ್ಷರ ಕೇಳಿಸಲಿಲ್ಲ.

ಜನ ಬಂದರು. ಬದುಕಿದ್ದಾಗ ಅತ್ತೆಯನ್ನು ಕಂಡರೆ ಮೆಟ್ಟಿಲು ಬದಲಿಸುತ್ತಿದ್ದವರೆಲ್ಲ ಸಾವಿನ ಮನೆಗೆ ಕೊಡುವ ದುಡ್ಡಿನ ಬಿಳಿ ಲಕೋಟೆ ಹಿಡಿದು ಬಂದರು. ಬಾಂಗ್ ಅಜ್ಜ ಟೋಪಿ ತೆಗೆದು, "ಅಂಥಾ ಕಿಮ್ಚಿ ಇನ್ನು ಯಾರು ಕೊಡ್ತಾರೆ?" ಎಂದು ಅತ್ತ. ಮಾವ ಪ್ರತಿಯೊಬ್ಬರಿಗೂ ಸೊಂಟ ಬಗ್ಗಿಸಿ ನಮಸ್ಕರಿಸಿದ. ಕಿಮ್ಚಿಯ ಮಾತು ಅವನಿಗೆ ಸ್ವಲ್ಪ ಗೊಂದಲ ಮಾಡಿತಂತೆ, ಆದರೂ ಹೌದು ಹೌದು ಎಂದ. ಕೆಳಗೆ ಮಾತ್ರ ಗುಸುಗುಸು ಬೇರೆಯೇ ದಾರಿ ಹಿಡಿದಿತ್ತು. ಜಗಳವಾಡಿದ್ದನ್ನು ಎಲ್ಲರೂ ಕೇಳಿದ್ದರು. ಆಮೇಲೆ ಅವಳನ್ನು ಯಾರೂ ಕಂಡಿಲ್ಲ. ಇವತ್ತೇ ಎಲ್ಲ ಮುಗಿಸಬೇಕಂತೆ. ಅವಸರವಾಗಿ ಬೀಗ ಬೇರೆ ಬದಲಾಯಿಸಿದ್ದಾನೆ.

ನಾನು ಮಧ್ಯಾಹ್ನ ಹಿಂದಿರುಗಿದಾಗ ಮೂರನೆಯ ಮಹಡಿಯಲ್ಲಿ ಆಳೆತ್ತರದ ಬಿಳಿ ಸೇವಂತಿಗೆಯ ಹೂಚೌಕಟ್ಟು ನಿಂತಿತ್ತು. ಅದರ ಪಟ್ಟಿಯ ಮೇಲೆ ಅತ್ತೆಯ ಹೆಸರು, ಕೆಳಗೆ 'ಕಟ್ಟಡ ಸಮಿತಿಯ ಶೋಕ'. ಅದರ ಪಕ್ಕ ಒಬ್ಬ ಎಳೆಯ ಪೊಲೀಸಿನವನು.

"ನಿಮ್ಮ ಪತ್ನಿ ಎಲ್ಲಿ ಅಂತ ಕೇಳ್ತಿದೀನಿ ಸರ್," ಎನ್ನುತ್ತಿದ್ದ.

"ಅಕ್ಕನ ಮನೇಲಿ," ಎಂದ ಮಾವ.

"ಪಾಪ, ತಲೆ ಕೆಟ್ಟಿದೆ. ಅವಳ ಅಕ್ಕನೂ ಹೋಗಿ ಎಷ್ಟು ಕಾಲ ಆಯ್ತೋ," ಎಂದಳು ಪ್ಯೋ ಆಂಟಿ, ತನಗೆ ಏನೂ ಗೊತ್ತಿಲ್ಲದ ವಿಷಯದಲ್ಲಿ.

ಅಷ್ಟರಲ್ಲಿ ಕೆಳಗಿನಿಂದ ಏದುಸಿರು ಕೇಳಿತು. ಎರಡೂ ಕೈಯಲ್ಲಿ ಈರುಳ್ಳಿ ಸೊಪ್ಪಿನ ಕಂತೆ, ಮೂಲಂಗಿ, ಎಡೆಯ ಹಣ್ಣು ಹೊತ್ತು ಅತ್ತೆ ಮೆಟ್ಟಿಲು ತಿರುಗಿದಳು. ಮಾವ ಹೊಸ ಬೀಗದ ಫೋಟೋ ಕಳಿಸಿದ್ದ. ಎಡೆಯ ದಿನ ಹಟ ಬೇಡ ಎಂದು ಅವಳೇ ಬಂದಿದ್ದಳು. ಪ್ಯೋ ಆಂಟಿ ಒಂದು ಕೂಗು ಕೂಗಿ ಪೊಲೀಸಿನವನ ಬೆನ್ನಿಗೆ ಅಂಟಿಕೊಂಡಳು.

ಅತ್ತೆ ಗುಂಪು ನೋಡಿದಳು. ಹೂವು ನೋಡಿದಳು. ಪಟ್ಟಿ ಓದಿದಳು. ಮೂಲಂಗಿ ಕೆಳಗಿಟ್ಟಳು.

"ತಮ್ಮ ಹೆಸರು?" ಎಂದ ಪೊಲೀಸಿನವನು, ಬೇರೇನೂ ತೋಚದೆ.

"ಸತ್ತಿರೋಳು," ಎಂದಳು ಅತ್ತೆ. "ಬದುಕಿದ್ದಾಗ ಒಂದು ಮೂಟೆ ಮೇಲೆ ಎತ್ತಿಕೊಡೋಕೆ ಯಾರೂ ಬರ್ಲಿಲ್ಲ. ಸತ್ತ ಮೇಲೆ ಇಷ್ಟೊಂದು ಹೂವಾ? ಏನ್ ಪ್ಯೋ ಮೇಡಂ, ನಾನು ಹೋದ್ರೆ ಮನೆ ಬೆಲೆ ಏರುತ್ತಾ?"

ಗಾಳಿಗೆ ಬಾಗಿಲು ಮುಚ್ಚಿಕೊಂಡು ಬೀಗ ತನ್ನ ಹಾಡು ಹಾಡಿತು. ಒಳಗೆ ಉಳಿದ ಮಾವ ಗಾಬರಿಯಲ್ಲಿ ಗುಂಡಿ ಹುಡುಕುತ್ತಿದ್ದ. ಅತ್ತೆ ತನ್ನ ಮನೆಯ ಬಾಗಿಲಿಗೆ ಮುಖ ಕೊಟ್ಟಳು.

"ನೋಂದಣಿಯಾಗದ ವ್ಯಕ್ತಿ," ಎಂದಿತು ಬೀಗ.

"ನೋಡಿದ್ರಾ, ಇದಕ್ಕೂ ಸುದ್ದಿ ತಲುಪಿದೆ," ಎಂದಳು ಅತ್ತೆ.

ಜನ ತಮ್ಮ ತಮ್ಮ ಲಕೋಟೆ ಹಿಂದಕ್ಕೆ ಕೇಳಲು ನಾಚಿ, ಬಿಟ್ಟು ಹೋಗಲೂ ಮನಸ್ಸಿಲ್ಲದೆ, ಒಬ್ಬೊಬ್ಬರಾಗಿ ಕರಗಿದರು. ಮಾವ ಒಳಗಿನಿಂದ ತೆರೆದ. ಅತ್ತೆಯ ಮುಖ ಬೀಗಕ್ಕೆ ಆಮೇಲೆ ಸೇರಿಸೋಣ ಎಂದುಕೊಂಡರು. ಅನ್ನ ಆಗಬೇಕು, ಮೀನು ಹುರಿಯಬೇಕು, ಸೌತೆಕಾಯಿ ಹಿಟ್ಟಿನಲ್ಲದ್ದಬೇಕು. ನಮ್ಮಮ್ಮ ಬರುವ ಹಾಗಿರಲಿಲ್ಲ. ಅವಳು ಕೆಲಸ ಮಾಡುವ ಉಲ್ಸಾನಿನ ಕಾರ್ಖಾನೆಯ ಅಡುಗೆಮನೆಯಲ್ಲಿ, ಅಪ್ಪ ಸತ್ತದ್ದಕ್ಕೆ ರಜೆ ಒಮ್ಮೆ ಮಾತ್ರವಂತೆ, ಅದನ್ನು ಹೋದ ವರ್ಷವೇ ಮುಗಿಸಿದ್ದಳು.

ಸಂಜೆ ಕಂದುವ ಹೊತ್ತಿಗೆ ಯೇಚಾನಿನ ಹಳ್ಳಿಯಿಂದ ಬಸ್ಸಿನಲ್ಲಿ ಚಿಕ್ಕತಾತ ಬಂದ. ತಾತನ ಒಬ್ಬನೇ ತಮ್ಮ. ಕರೀ ಕೋಟು, ಕಂಕುಳಲ್ಲಿ ಕಾಗದ ಸುತ್ತಿದ ಒಣಮೀನು. ಹೊಸ ಬೀಗವನ್ನು ಕೋಲಿನ ತುದಿಯಿಂದ ಮುಟ್ಟಿ ನೋಡಿದ.

"ಅಣ್ಣ ಇದ್ದಿದ್ರೆ ಇದನ್ನ ರೈಲಿನ ಕೆಳಗೆ ಹಾಕ್ತಿದ್ದ."

"ಹೌದು ಹೌದು ಚಿಕ್ಕಪ್ಪ."

"ಬಾಗಿಲು ತೆರೆದಿಡು. ಅವನು ಬರೋ ಹೊತ್ತಾಯ್ತು."

ತೆರೆದಿಟ್ಟು ಸ್ವಲ್ಪ ಹೊತ್ತಿಗೆ ಬೀಗ ಮಾವ ಹೆದರಿದ ಹಾಗೆಯೇ ಕಿರುಚತೊಡಗಿತು. ಚಿಕ್ಕತಾತ ಕಿವಿ ಮುಚ್ಚಿಕೊಂಡ. ಮಾವ ಬಾಗಿಲು ಮುಚ್ಚಿ, ಚಿಕ್ಕಪ್ಪನ ಕಿವಿಯ ಹತ್ತಿರ ಬಗ್ಗಿ ಹೇಳಿದ: "ತೆರೆದಿಡೋದು ಬೇಡ ಚಿಕ್ಕಪ್ಪ. ಅಪ್ಪನ ಮುಖ ಇದರಲ್ಲಿ ಹಾಕ್ಸಿದೀನಿ. ಬಂದ್ರೆ ಅವರೇ ತೆಕ್ಕೋತಾರೆ."

ಈಗ ಕೋಲು ಎತ್ತುತ್ತಾನೆ ಎಂದುಕೊಂಡೆ. ಚಿಕ್ಕತಾತ "ಸರಿ ಬಿಡು" ಎಂದಷ್ಟೇ ಹೇಳಿ ಕೋಟು ಬಿಚ್ಚಿದ.

ಎಡೆ ಇಟ್ಟೆವು. ಅನ್ನ, ಸಾರು, ಮೀನು, ಹಣ್ಣು, ಮದ್ಯದ ಬಟ್ಟಲು. ಹಿಂದೆ ತಾತನ ಫೋಟೋ. ಪಕ್ಕದಲ್ಲಿ ಮಾವ ಆ ಕಿತ್ತ ಬೀಗ, ಬೀಗದ ಕೈ ಮತ್ತು ತಾತನ ಫೋನು ಇಟ್ಟ. "ಎಡೆ ಮುಂದೆ ಫೋನು ಯಾಕೋ?" ಎಂದ ಚಿಕ್ಕತಾತ. "ಕೆಲಸದ್ದು ಚಿಕ್ಕಪ್ಪ," ಎಂದ ಮಾವ. ನಮಸ್ಕರಿಸಿದೆವು. ಅನ್ನದಲ್ಲಿ ಚಮಚ ನೆಟ್ಟಗೆ ಊರಿದ್ದಾಯಿತು. ಇನ್ನು ಸತ್ತವರು ಉಣ್ಣುವ ಹೊತ್ತು. ಬದುಕಿದ್ದವರು ಹೊರಗೆ ಹೋಗಿ ಬಾಗಿಲು ಮುಚ್ಚಿ, ಅವರ ಊಟ ಮುಗಿಯುವವರೆಗೆ ಕಾದು, ಕೆಮ್ಮಿ ಸೂಚನೆ ಕೊಟ್ಟು ಒಳಗೆ ಬರಬೇಕು. ಪೇಟೆಯ ಜನ ಈಗ ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ, ಅಷ್ಟೇ. ಚಿಕ್ಕತಾತ ಒಪ್ಪಲಿಲ್ಲ.

"ಅಣ್ಣ ಸಂಕೋಚದವನು. ಯಾರಾದ್ರೂ ನೋಡ್ತಿದ್ರೆ ತುತ್ತು ಇಳೀತಿರಲಿಲ್ಲ ಅವನಿಗೆ. ಒಂದು ಕೋಣೆ ಮನೆ ಇದು. ಎಲ್ಲಾ ಹೊರಗೆ ನಡೀರಿ."

ನಾಲ್ವರೂ ಕಾಲುಚೀಲದಲ್ಲೇ ಮೆಟ್ಟಿಲ ಕಟ್ಟೆಗೆ ಬಂದೆವು. ಬಾಗಿಲು ಮುಚ್ಚಿತು. ಬೀಗ ಖುಷಿಯಾಗಿ ಹಾಡಿತು. ಬಾಡುತ್ತಿದ್ದ ಸೇವಂತಿಗೆಯ ಪಕ್ಕ, ತನ್ನ ಹೆಸರಿನ ಕೆಳಗೆ, ಅತ್ತೆ ಚಳಿಗೆ ಕೈ ಉಜ್ಜಿಕೊಳ್ಳುತ್ತ ನಿಂತಳು.

ಹೊತ್ತಾದ ಮೇಲೆ ಚಿಕ್ಕತಾತ ಮೂರು ಸಲ ಕೆಮ್ಮಿದ. ಮಾವ ಬೀಗಕ್ಕೆ ಮುಖ ಕೊಟ್ಟ.

"ನೋಂದಣಿಯಾಗದ ವ್ಯಕ್ತಿ."

"ನಾನಮ್ಮ, ಬೊಂಗ್ಸಿಕ್," ಎಂದ ಮಾವ.

"ನೋಂದಣಿಯಾಗದ ವ್ಯಕ್ತಿ."

ಬೆಳಿಗ್ಗೆ ಒತ್ತಿದ ಗುಂಡಿ ನನ್ನ ಬೆರಳಿಗೆ ಆಗ ನೆನಪಾಯಿತು. ಹೇಳಿದೆ. ಈಗ ಈ ಮನೆಯಲ್ಲಿ ನೋಂದಣಿ ಇರುವುದು ಒಂದೇ ಮುಖಕ್ಕೆ, ಆ ಮುಖ ಒಳಗೆ ಎಡೆಯ ಮುಂದೆ ಇದೆ.

"ನಂಬರ್ ಹೊಡೀರಿ ಮತ್ತೆ!" ಎಂದಳು ಅತ್ತೆ. ಮಾವ ತಾತನ ಹುಟ್ಟಿದ ದಿನ ಹೊಡೆದ. ಹಳ್ಳಿಯ ಪಂಚಾಂಗದ ಪ್ರಕಾರ ಹೊಡೆದ, ಪೇಟೆಯದರ ಪ್ರಕಾರ ಹೊಡೆದ, ನಾಲ್ಕು ತೆಗೆದು ಹೊಡೆದ, ಹಿಂದುಮುಂದಾಗಿ ಹೊಡೆದ. ಬೀಗ ಮುನಿಸಿಕೊಂಡು ಕತ್ತಲಾಯಿತು.

"ಚಿಕ್ಕಪ್ಪ, ನಿಮ್ಮ ಮೂಗು ಥೇಟ್ ಮಾವಯ್ಯನದೇ," ಎಂದಳು ಅತ್ತೆ. "ನೀವೊಂದ್ಸಲ ನೋಡಿ."

ಬೀಗಕ್ಕೆ ಮತ್ತೆ ಬೆಳಕು ಬಂದಾಗ ಚಿಕ್ಕತಾತ ಕನ್ನಡಕ ಸರಿಮಾಡಿಕೊಂಡು, ಅಣ್ಣನ ಹಾಗೆ ತುಟಿ ಬಿಗಿದು ನಿಂತ. ಎಡಕ್ಕೆ ತಿರುಗಿದ. ಬಲಕ್ಕೆ ತಿರುಗಿದ.

"ನೋಂದಣಿಯಾಗದ ವ್ಯಕ್ತಿ."

"ಒಂದೇ ಹೊದಿಕೇಲಿ ಮಲಗಿ ಬೆಳೆದೋರು ಕಣೇ ನಾವು!" ಎಂದ ಚಿಕ್ಕತಾತ ಬೀಗಕ್ಕೆ.

ಸದ್ದಿಗೆ ಪ್ಯೋ ಆಂಟಿ ಮೆಟ್ಟಿಲ ತಿರುವಿನಲ್ಲಿ ಕಾಣಿಸಿಕೊಂಡಳು. ಮಧ್ಯಾಹ್ನದ ನಾಚಿಕೆ ಇನ್ನೂ ಮುಖದ ಮೇಲಿತ್ತು, ಹೇಗಾದರೂ ಉಪಕಾರ ಮಾಡಲೇಬೇಕು ಎಂಬ ಹಸಿವೂ ಇತ್ತು. ಅಂಗಡಿಗೆ ಅವಳೇ ಫೋನು ಮಾಡಿದಳು. ನಮ್ಮ ಕೆಲಸದ ಸಮಯ ಮುಗಿದಿದೆ, ತಮ್ಮ ಸುರಕ್ಷಿತ ಜೀವನಕ್ಕೆ ಶುಭಾಶಯ ಎಂದು ಅದೂ ಒಂದು ಯಂತ್ರ ಹೇಳಿತು.

"ಈ ಊರಲ್ಲಿ ಬೀಗ ತೆಗೆಯೋನು ಒಬ್ಬನೂ ಇಲ್ವಾ?" ಎಂದ ಚಿಕ್ಕತಾತ. ಮಾವ ನೆಲ ನೋಡಿದ.

ಚಿಕ್ಕತಾತನ ಕಣ್ಣು ಗೋಡೆಯ ಮೇಲೆ ಅಲೆಯುತ್ತಿತ್ತು. ಕರೆಂಟಿನ ಮೀಟರಿನ ಡಬ್ಬದ ಹಿಂದೆ, ಬಾಂಗ್ ಅಜ್ಜನ ಕೆರೆಯುವ ಚಾಕು ತಲುಪದ ಸಂದಿಯಲ್ಲಿ, ಮಾಸಿದ ಒಂದು ಕೆಂಪು ಚೀಟಿ ಉಳಿದಿತ್ತು. "ಇಗೋ, ಇಲ್ಲೊಂದು ನಂಬರ್ ಇದೆ ನೋಡಮ್ಮ. ಬೀಗ ತೆರೆಯುತ್ತೇವೆ ಅಂತ ಬರೆದಿದೆ."

ಅದು ಯಾರ ಚೀಟಿ ಎಂದು ನಾನು ಹೇಳುವ ಮೊದಲೇ ಪ್ಯೋ ಆಂಟಿ ಕನ್ನಡಕ ಹಣೆಗೇರಿಸಿ ಒಂದೊಂದೇ ಅಂಕಿ ಓದಿ ಒತ್ತಿದಳು.

ಮುಚ್ಚಿದ ಬಾಗಿಲ ಒಳಗಿನಿಂದ ತಾತನ ಫೋನು ಹಾಡತೊಡಗಿತು.

ಅದೇ ಹಳೆಯ ಕುಣಿತದ ಹಾಡು. ಮರದ ಮೇಜಿನ ಮೇಲೆ ಬಟ್ಟಲುಗಳ ನಡುವೆ ಅದು ನಡುಗುವ ಸದ್ದೂ ಕೇಳುತ್ತಿತ್ತು. ಹಾಡು ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ಶುರುವಾಯಿತು.

ಪ್ಯೋ ಆಂಟಿ ಒಮ್ಮೆ ತನ್ನ ಫೋನನ್ನು, ಒಮ್ಮೆ ಬಾಗಿಲನ್ನು ನೋಡಿದಳು. "ಒಳಗೆ ಯಾರೋ ಇದಾರಾ?"

"ನಮ್ಮಪ್ಪ," ಎಂದ ಮಾವ.

"ಮತ್ತೆ... ಯಾಕೆ ಎತ್ತಲ್ಲ?"

ಮಾವ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ತಣ್ಣನೆಯ ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಒಂದು ವರ್ಷದಲ್ಲಿ ಅವನ ಮುಖ ಅಷ್ಟು ನಿರಾಳವಾಗಿದ್ದುದನ್ನು ನಾನು ಕಂಡಿರಲಿಲ್ಲ.

"ಊಟ ಮಾಡ್ತಿದಾರೆ," ಎಂದ.

ಚಿಕ್ಕತಾತ ಕೋಲು ಗೋಡೆಗೊರಗಿಸಿ ಅವನ ಪಕ್ಕದಲ್ಲಿ ಕೂತ. ಫೋನು ಹಾಡುತ್ತಲೇ ಇತ್ತು.

"ಸಾರು ಬಿಸಿ ಇತ್ತೇನೇ?" ಎಂದು ಮಾವ ಅತ್ತೆಯನ್ನು ಕೇಳಿದ.

"ಹೊಗೆಯಾಡ್ತಿತ್ತು," ಎಂದಳು ಅತ್ತೆ.

"ಹಾಗಾದ್ರೆ ಹೊತ್ತಾಗುತ್ತೆ," ಎಂದು ಮಾವ ಅವಳಿಗೆ ಕೂರಲು ಜಾಗ ಬಿಟ್ಟ.